ಶಿಲ್ಪಿ ಎಡ್ಮೋನಿಯಾ ಲೂಯಿಸ್

ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಣ ಅರಣ್ಯಗಳಲ್ಲಿ ಅನಿಶಿನಾಬೆ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಬಾಳಿಬಂದಿದ್ದಾರೆ. ನಮ್ಮ ಪ್ರಾಚೀನರು ಹಿಮಾಲಯದ ಭೂರ್ಜವೃಕ್ಷದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರು. ಇವರಾದರೋ ಅದೇ ಜಾತಿಯ ಮರದ ತೊಗಟೆಯಿಂದ ದೋಣಿಗಳನ್ನೂ ಪಾತ್ರೆಗಳನ್ನೂ ನಿರ್ಮಿಸಿಕೊಂಡರು. ಇವರ ಕೈಗೆಲಸಗಳಲ್ಲಿ ಬಹು ಸೊಗಸಾದುದು ಮುಳ್ಳುಹಂದಿಯ ಮುಳ್ಳುಗಳಿಂದ ಅಲಂಕರಿಸಿದ ತೊಗಟೆಯ ಕರಡಿಗೆ. ತೊಗಟೆಗೆ ದಬ್ಬಣದಿಂದ ಸಣ್ಣ ರಂಧ್ರಗಳನ್ನು ಮಾಡಿ, ನೀರಿನಲ್ಲಿ ನೆನೆದು ಮೆತ್ತಗಾದ ಮುಳ್ಳುಗಳನ್ನು ಅವುಗಳಲ್ಲಿ ಪೋಣಿಸಿ, ತುದಿಗಳನ್ನು ಒಳಮೈಯಲ್ಲಿ ಮಡಿಸುತ್ತಾರೆ. ಒಳಗೆ ಇನ್ನೊಂದು ಪದರ ತೊಗಟೆಯನ್ನು ಹೊಂದಿಸಿದರೆ ತುದಿಗಳೆಲ್ಲ ಮರೆಯಾಗಿ, ಹೊರಗೆ ಹೂವು ಎಲೆಗಳ ಚಿತ್ತಾರ ಮಾತ್ರ ಉಳಿಯುತ್ತದೆ. ಇಂತಹ ವಸ್ತುಗಳನ್ನು ಪ್ರವಾಸಿಗಳು ಅಕ್ಕರೆಯಿಂದ ಕೊಂಡೊಯ್ದರು. ಮಾಡಿದವಳ ಹೆಸರನ್ನು ಬರೆದಿಟ್ಟುಕೊಂಡವರು ವಿರಳ.

ಹೀಗೆ ಹೆಸರುಳಿಯದ ಕುಶಲಿಗಳ ನಡುವೆ ಬೆಳೆದು, ಅಮೃತಶಿಲೆಯಲ್ಲಿ ತನ್ನ ಹೆಸರನ್ನು ಕೆತ್ತಿದವಳು ಎಡ್ಮೋನಿಯಾ ಲೂಯಿಸ್.

ಈಕೆ 1844ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗ್ರೀನ್‌ಬುಷ್‌ನಲ್ಲಿ ಜನಿಸಿದಳು. ತಂದೆ ಆಫ್ರಿಕ ಮೂಲದವನು. ತಾಯಿ ಅನಿಶಿನಾಬೆಯರ ಒಂದು ಶಾಖೆಯಾದ ಓಜಿಬ್ವೆ ರಕ್ತದವಳು, ನೇಯ್ಗೆ ಕಸೂತಿಗಳಲ್ಲಿ ನುರಿತವಳು. ಒಂಬತ್ತು ವರ್ಷ ತುಂಬುವುದರೊಳಗೆ ಎಡ್ಮೋನಿಯಾ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡಳು. ತಾಯಿಯ ಕಡೆಯ ಬಂಧುಗಳಾದ ಹೆಂಗಸರು ಆಕೆಯನ್ನು ಸಾಕಿದರು. ನಯಾಗರ ಜಲಪಾತವನ್ನು ನೋಡಲು ಬಂದವರಿಗೆ ಬುಟ್ಟಿಗಳನ್ನೂ ಕಸೂತಿ ಹಾಕಿದ ತೊಗಲಿನ ಪಾದರಕ್ಷೆಗಳನ್ನೂ ಮಾರುವುದು ಅವರ ಜೀವನೋಪಾಯ. ಬಾಲಕಿಯೂ ಅವರೊಡನೆ ಮಾರಿದಳು. ಕೈಗೆಲಸದ ಬೆಲೆಯನ್ನು ಆಕೆ ಕಲಿತದ್ದು ಅಲ್ಲಿಯೇ.

ಚಿನ್ನವನ್ನರಸಿ ಪಶ್ಚಿಮಕ್ಕೆ ಹೋಗಿದ್ದ ಅಣ್ಣನ ನೆರವಿನಿಂದ ಆಕೆ 1859ರಲ್ಲಿ ಓಹಾಯೋದ ಓಬರ್ಲಿನ್ ವಿದ್ಯಾಲಯವನ್ನು ಸೇರಿದಳು. ಹೆಂಗಸರಿಗೂ ಆಫ್ರಿಕ ಮೂಲದವರಿಗೂ ಬಾಗಿಲು ತೆರೆದಿದ್ದ ಕೆಲವೇ ಸಂಸ್ಥೆಗಳಲ್ಲಿ ಅದೊಂದು. ಆದರೆ 1862ರಲ್ಲಿ, ಸಹವಾಸಿಗಳಾದ ಇಬ್ಬರು ಹುಡುಗಿಯರಿಗೆ ಪಾನೀಯದಲ್ಲಿ ವಿಷ ಬೆರೆಸಿದಳೆಂಬ ಅಪವಾದ ಆಕೆಯ ಮೇಲೆ ಬಂತು. ವಿಚಾರಣೆಗೆ ಮುನ್ನವೇ ದುಷ್ಟರು ಆಕೆಯನ್ನು ಎಳೆದೊಯ್ದು, ಹೊಡೆದು, ಚಳಿಗಾಲದ ಬಯಲಿನಲ್ಲಿ ಬಿಟ್ಟುಹೋದರು. ಜಾನ್ ಮರ್ಸರ್ ಲಾಂಗ್‌ಸ್ಟನ್ ಎಂಬ ಕರಿಯ ವಕೀಲನು ಆಕೆಯ ಪರವಾಗಿ ವಾದಿಸಿದನು. ಸಾಕ್ಷ್ಯವಿಲ್ಲದೆ ಮೊಕದ್ದಮೆ ಬಿದ್ದುಹೋಯಿತು. ಮರುವರ್ಷ ಚಿತ್ರಕಲೆಯ ಸಾಮಗ್ರಿಗಳನ್ನು ಕದ್ದಳೆಂಬ ಮತ್ತೊಂದು ಆರೋಪ, ಅದೂ ನಿಲ್ಲಲಿಲ್ಲ. ಆದರೂ ಕೊನೆಯ ಅವಧಿಗೆ ಆಕೆಗೆ ಪ್ರವೇಶ ದೊರೆಯದೆ, ಪದವಿಯಿಲ್ಲದೆ ಹೊರಬೀಳಬೇಕಾಯಿತು.

ಬಾಸ್ಟನ್ನಿಗೆ ಬಂದು, ಎಡ್ವರ್ಡ್ ಬ್ರಾಕೆಟ್ ಎಂಬ ಶಿಲ್ಪಿಯಿಂದ ಆಕೆ ಕೆಲಸ ಕಲಿತಳು. ಅಮೆರಿಕದ ಅಂತರ್ಯುದ್ಧದಲ್ಲಿ ಕರಿಯ ಸೈನಿಕರ ದಳವನ್ನು ಮುನ್ನಡೆಸಿ ಮಡಿದ ಕರ್ನಲ್ ಷಾನ ಎದೆಮಟ್ಟದ ಪ್ರತಿಮೆಯನ್ನು ರೂಪಿಸಿ, ಅದರ ಅಚ್ಚುಗಳನ್ನು ಮಾರಿದಳು. ಆ ಹಣ 1865ರಲ್ಲಿ ಆಕೆಯನ್ನು ಇಟಲಿಯ ಕಡೆಗೆ ಕರೆದೊಯ್ದಿತು.

ರೋಮ್ ನಗರದಲ್ಲಿದ್ದ ವಿದೇಶಿ ಶಿಲ್ಪಿಗಳು ಮಣ್ಣಿನಲ್ಲಿ ಮಾದರಿ ಮಾಡಿಕೊಟ್ಟರೆ, ಶಿಲೆಯನ್ನು ಕಡೆಯಲು ಕೂಲಿಯ ಕಲ್ಕುಟಿಗರಿದ್ದರು. ಎಡ್ಮೋನಿಯಾ ಬಹುಮಟ್ಟಿಗೆ ತಾನೇ ಉಳಿ ಹಿಡಿದಳು. ಕೂಲಿ ಕೊಡಲು ಹಣ ಸಾಲದಿದ್ದುದು ಒಂದು ಕಾರಣ. ಇಂತಹ ಹೆಣ್ಣು ಇಂತಹ ಕೆಲಸ ಮಾಡಬಲ್ಲಳೇ ಎಂದು ಜನ ಸಂದೇಹಿಸಿಯಾರೆಂಬ ಎಚ್ಚರ ಇನ್ನೊಂದು. 1867ರ ಒಂದು ಶಿಲ್ಪದಲ್ಲಿ ಬಿಡುಗಡೆ ಹೊಂದಿದ ದಾಸನು ತುಂಡಾದ ಸಂಕೋಲೆಯ ಕೈಯನ್ನೆತ್ತಿ ನಿಂತಿದ್ದಾನೆ. ಲಾಂಗ್‌ಫೆಲೋ ಕವಿಯ ಹಯವಾತ ಕಾವ್ಯವನ್ನು ಆಧರಿಸಿದ ಮತ್ತೊಂದರಲ್ಲಿ ಮುದುಕನೊಬ್ಬನು ಬಾಣ ಮಾಡುತ್ತಿದ್ದಾನೆ. ಪಕ್ಕದಲ್ಲಿ ಮಗಳು ಚಾಪೆ ಹೆಣೆಯುತ್ತಿದ್ದಾಳೆ. ಆ ಕೈಗೆಲಸವನ್ನು ಕಂಡಾಗ, ನಯಾಗರದ ಆ ಹೆಂಗಸರ ನೆನಪು ನಮಗೆ ಬಾರದೆ ಇರುವುದಿಲ್ಲ.

1876ರಲ್ಲಿ ಫಿಲಡೆಲ್ಫಿಯದ ಮಹಾಪ್ರದರ್ಶನದಲ್ಲಿ ಆಕೆಯ ಕ್ಲಿಯೋಪಾತ್ರಳ ಮರಣ ಎಂಬ ಶಿಲ್ಪವನ್ನು ಜನ ಬೆರಗಾಗಿ ನೋಡಿದರು. ಇತರರು ಸಾವನ್ನು ಕುರಿತು ಚಿಂತಿಸುವ ರಾಣಿಯನ್ನು ಕಡೆದಿದ್ದರೆ, ಈಕೆ ಸತ್ತು ಒರಗಿದ ರಾಣಿಯನ್ನು ಕಡೆದಳು. ಸುಮಾರು 3,000 ಪೌಂಡು ತೂಕದ ಆ ಮೂರ್ತಿಯ ಮುಂದಿನ ಗತಿ ವಿಚಿತ್ರವಾದುದು. ಷಿಕಾಗೋದ ಮದ್ಯದಂಗಡಿಯೊಂದರಲ್ಲಿ ಕೆಲಕಾಲ ನಿಂತು, ಅನಂತರ ಕ್ಲಿಯೋಪಾತ್ರ ಎಂಬ ಪಂದ್ಯದ ಕುದುರೆಯೊಂದರ ಸಮಾಧಿಯ ಗುರುತಾಗಿ, ದಶಕಗಳ ಕಾಲ ಮಳೆ ಹಿಮಗಳಲ್ಲಿ ಸವೆಯಿತು. 1994ರಲ್ಲಿ ಅದು ಸ್ಮಿತ್ಸೋನಿಯನ್ ಕಲಾಸಂಗ್ರಹಾಲಯವನ್ನು ಸೇರಿತು.

ಶಿಲ್ಪಕ್ಕೆ ಬಂದ ಗತಿಯೇ ಶಿಲ್ಪಿಗೂ ಬಂದಿತು. ರುಚಿ ಬದಲಾಗಿ, ಕೀರ್ತಿ ಮಸುಳಿ, 1907ರಲ್ಲಿ ಲಂಡನ್ನಿನಲ್ಲಿ ಎಡ್ಮೋನಿಯಾ ತೀರಿಕೊಂಡಳು. ಆಕೆಯ ಸಮಾಧಿ ಎಲ್ಲಿದೆಯೆಂಬುದೂ ಬಹುಕಾಲ ಲೋಕಕ್ಕೆ ಮರೆತುಹೋಗಿತ್ತು. 2017ರಲ್ಲಿ ಅದರ ಮೇಲೆ ಹೊಸ ಕಲ್ಲು ನಿಂತಿತು. 2022ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಆಕೆಯ ಮುಖ ಮೂಡಿತು. ಅದೇ ವರ್ಷ ಓಬರ್ಲಿನ್ ವಿದ್ಯಾಲಯವು, ಅಂದು ಕೊಡದ ಅರ್ಹತಾಪತ್ರವನ್ನು ಮರಣೋತ್ತರವಾಗಿ ಕೊಟ್ಟಿತು.

ಹೆಸರು ಕಲ್ಲಿನಲ್ಲಿ ಕೊರೆದುದರಿಂದಲೇ ಉಳಿಯುವುದಿಲ್ಲ. ಅದನ್ನು ಹುಡುಕಿ ಓದುವವರೂ ಬೇಕು. ಎಡ್ಮೋನಿಯಾಳನ್ನು ಹುಡುಕುವವರು ತಡವಾಗಿಯಾದರೂ ಬಂದರು. ಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತಿರುವ ಆ ತೊಗಟೆಯ ಕರಡಿಗೆಗಳಲ್ಲಿ ಅನೇಕವನ್ನು ಯಾರು ಮಾಡಿದರೆಂದು ಹೇಳುವವರು ಇನ್ನೂ ಬಂದಿಲ್ಲ.