ನೇಮನಿಷ್ಠ ಹರ್ಡೇಕರ ಮಂಜಪ್ಪನವರು

ಹರ್ಡೇಕರ ಮಂಜಪ್ಪನವರನ್ನು ನಾಡು ಕರ್ನಾಟಕದ ಗಾಂಧಿಯೆಂದು ಕರೆದು ಗೌರವಿಸಿತು. ಅವರ ದೇಶಸೇವೆಯನ್ನೂ ಪತ್ರಿಕಾವ್ಯವಸಾಯವನ್ನೂ ಬಲ್ಲವರು ಹಲವರು. ತಮ್ಮ ನಡೆಯನ್ನು ತಾವೇ ತಿದ್ದಿಕೊಳ್ಳುವುದರಲ್ಲಿ ಅವರು ತೋರಿದ ಜಾಣ್ಮೆಯನ್ನು ಗಮನಿಸಿದವರು ಕಡಿಮೆ.

ಮಂಜಪ್ಪನವರು 1886ನೆಯ ಇಸವಿ ಫೆಬ್ರವರಿ 18ರಂದು ಬನವಾಸಿಯಲ್ಲಿ ಬಡ ಮನೆತನದಲ್ಲಿ ಜನಿಸಿದರು. 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಸಂಬಳ ಅಲ್ಪವಾದರೂ ಅಂದಿನ ಬಡವರಿಗೆ ಅದು ದೊಡ್ಡ ಆಸರೆ. 1905ರ ವಂಗಭಂಗದಿಂದೆದ್ದ ಸ್ವದೇಶಿ ಚಳವಳಿಯು ತರುಣ ಶಿಕ್ಷಕನ ಮನಸ್ಸನ್ನು ಕಲಕಿತು. ಸರ್ಕಾರದ ಅನ್ನವನ್ನುಣ್ಣುತ್ತ ಸ್ವದೇಶಿ ವ್ರತವನ್ನು ಕಾಪಾಡಿಕೊಳ್ಳುವುದು ಕಷ್ಟ. ಸಂಕಲ್ಪವು ದಿನದಿನಕ್ಕೂ ಸವೆಯುವ ಅಪಾಯವಿರುತ್ತದೆ. ಮಂಜಪ್ಪನವರು ಆ ಅಪಾಯದ ಮೂಲವನ್ನೇ ಕಿತ್ತರು. ಕೆಲಸಕ್ಕೆ ರಾಜೀನಾಮೆಯಿತ್ತು, 1906ರಲ್ಲಿ ದಾವಣಗೆರೆಯಲ್ಲಿ ಅಣ್ಣನವರೊಡಗೂಡಿ ಧನುರ್ಧಾರಿ ಪತ್ರಿಕೆಯನ್ನಾರಂಭಿಸಿದರು. ತಿಲಕರ ಕೇಸರಿಯ ವಿಚಾರಗಳು ಅದರ ಮೂಲಕ ಕನ್ನಡಿಗರನ್ನು ಮುಟ್ಟಿದವು.

ಮುಂದೆ ಆಜನ್ಮ ಬ್ರಹ್ಮಚರ್ಯದ ಪ್ರತಿಜ್ಞೆಗೈದರು. ವ್ರತವನ್ನು ಹಿಡಿಯುವುದು ಒಂದು ಕ್ಷಣದ ಮಾತು, ಅದನ್ನು ನಡೆಸುವುದು ಬಾಳಿನುದ್ದದ ಮಾತು. ಒಬ್ಬಂಟಿಯ ಮನಸ್ಸಿಗೆ ನಾಳೆಯೆಂಬ ನೆಪ ಸದಾ ಸಿದ್ಧ. 1911ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳವರೊಡನೆ ಅವರು ಶ್ರಾವಣಮಾಸದ ಭಜನೆಯನ್ನು ಆರಂಭಿಸಿದ್ದರ ಮಹತ್ವ ಇಲ್ಲಿದೆ. ತಿಂಗಳು ಗೊತ್ತಾಗಿದೆ, ಸ್ಥಳ ಗೊತ್ತಾಗಿದೆ, ಜೊತೆಯವರು ಬಂದು ಕಾದಿದ್ದಾರೆ. ಇನ್ನು ಆಲಸ್ಯಕ್ಕೆ ಎಡೆಯೆಲ್ಲಿ? ಅದೇ ಮಠದ ಆಶ್ರಯದಲ್ಲಿ 1913ರಲ್ಲಿ ಬಸವ ಜಯಂತಿಯು ಸಾರ್ವಜನಿಕ ಉತ್ಸವವಾಗಿ ನಡೆಯಿತು. ತಲಘಟ್ಟಪುರದಂತಹ ಊರಿನ ಮಕ್ಕಳೂ ಇಂದು ಆ ದಿನವನ್ನು ತಪ್ಪದೆ ಎದುರುನೋಡುವಂತಾಗಿರುವುದು ಆ ಬೀಜದ ಫಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಮಹಾಶಯರು 1953ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮನುಷ್ಯನು ತನ್ನ ಸುತ್ತಣ ಸನ್ನಿವೇಶವನ್ನು ಬದಲಿಸಿಕೊಂಡು ತನ್ನ ವರ್ತನೆಯನ್ನು ಹತೋಟಿಗೆ ತರಬಹುದೆಂದು ವಿವರಿಸಿದ್ದಾರೆ. ಮಂಜಪ್ಪನವರು ಲಿಂಗೈಕ್ಯರಾಗಿ ಆಗಲೇ ಆರು ವರ್ಷಗಳಾಗಿದ್ದವು. ಅವರಿಗೆ ಈ ವಿದ್ಯೆ ಶರಣರ ಮನೆಯಿಂದಲೇ ಬಂದಿರಬೇಕು. ದೇವರನ್ನು ಗುಡಿಯಲ್ಲಿರಿಸದೆ ಎದೆಯ ಮೇಲೆ ಧರಿಸುವ ಇಷ್ಟಲಿಂಗಕ್ಕಿಂತ ಮಿಗಿಲಾದ ನೆನಪಿನ ಸಾಧನ ಯಾವುದಿದ್ದೀತು! ನಿತ್ಯಪೂಜೆಯ ಹೊತ್ತು ಬಂದಾಗ ಕೈ ತಾನಾಗಿ ಅತ್ತ ಸರಿಯುತ್ತದೆ.

ಗಾಂಧೀಮಾರ್ಗವು ಮಂಜಪ್ಪನವರ ಪಾಲಿಗೆ ಇದೇ ಹಾದಿಯ ಮುಂದುವರಿಕೆಯಾಯಿತು. ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಸತ್ಯಾಗ್ರಹಾಶ್ರಮವನ್ನು ಕಟ್ಟಿದರು. ಖಾದಿವಿಜಯ, ಶರಣಸಂದೇಶ ಮೊದಲಾದ ಪತ್ರಿಕೆಗಳನ್ನು ನಡೆಸಿದರು. 1927ರಲ್ಲಿ ಕೃಷ್ಣಾತೀರದ ಆಲಮಟ್ಟಿಗೆ ತೆರಳಿ ವಿದ್ಯಾಲಯವನ್ನು ಸ್ಥಾಪಿಸಿದರು. ಇಷ್ಟು ಕಟ್ಟುನಿಟ್ಟು ಸಂಸಾರಿಗಳಿಗೆ ಸಲ್ಲದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನೌಕರಿಯನ್ನೂ ಮನೆಯನ್ನೂ ತೊರೆಯುವುದು ಎಲ್ಲರಿಗೂ ಒದಗುವ ದಾರಿಯಲ್ಲ. ಶ್ರಾವಣದ ಭಜನೆಗೆ ಬಂದು ಕೂಡುವುದಾದರೋ ಸಂಸಾರಿಗೂ ಸಾಧ್ಯ. ಅವರ ಬಾಳಿನಲ್ಲಿ ಈ ಎರಡೂ ಇದ್ದವು.

ಆಲಮಟ್ಟಿಯೇ ಅವರ ಕೊನೆಯ ಕರ್ಮಭೂಮಿಯಾಯಿತು. 1947ರ ಜನವರಿ 3ರಂದು ಮಂಜಪ್ಪನವರು ಲಿಂಗೈಕ್ಯರಾದರು. ಬಾಳೆಲ್ಲ ಹಂಬಲಿಸಿದ ಸ್ವಾತಂತ್ರ್ಯ ಬರಲು ಆಗ ಇನ್ನೂ ಏಳು ತಿಂಗಳು ಉಳಿದಿತ್ತು.