ನಟಿ ಕಿನುಯೋ ತನಾಕಾ

ಜನಮನ್ನಣೆಯು ನೆರಳಿನಂತಹುದು, ಬಿಸಿಲಿರುವವರೆಗೆ ಜೊತೆಗಿದ್ದು, ಮೋಡ ಕವಿದೊಡನೆ ಮರೆಯಾಗುವುದು. ಆ ಮನ್ನಣೆಯ ಏರಿಳಿತಗಳೆರಡನ್ನೂ ಪೂರ್ಣವಾಗಿ ಅನುಭವಿಸಿ, ಎರಡರಿಂದಲೂ ಕೆಡದೆ ಉಳಿದವರಲ್ಲಿ ಜಪಾನಿನ ನಟಿ ಕಿನುಯೋ ತನಾಕಾ ಒಬ್ಬಳು. ಆಕೆಯ ಚರಿತ್ರೆಯು ಕಲಾವಿದರಿಗಿಂತಲೂ, ಅವರನ್ನು ಹೊಗಳುವ ಮತ್ತು ತೆಗಳುವ ನಮ್ಮಂತಹವರಿಗೆ ಹೆಚ್ಚು ಬೋಧಪ್ರದವಾದುದು.

ಆಕೆ ೧೯೦೯ನೆಯ ಇಸವಿ ನವೆಂಬರ್ ೨೯ರಂದು ಶಿಮೊನೊಸೆಕಿ ಎಂಬ ರೇವುಪಟ್ಟಣದಲ್ಲಿ ಜನಿಸಿದಳು. ಎಳವೆಯಲ್ಲಿಯೇ ಪಿತೃವಿಯೋಗವಾಯಿತು, ಸಂಸಾರವು ಬಡತನಕ್ಕಿಳಿದು ಒಸಾಕಾ ನಗರಕ್ಕೆ ಹೋಗಿ ನೆಲೆಸಿತು. ಕಿನುಯೋ ಅಲ್ಲಿ ಬಿವಾ ಎಂಬ ತಂತೀವಾದ್ಯದಲ್ಲಿ ಪಳಗಿ, ಹತ್ತು ವರ್ಷ ತುಂಬಿದ ಸುಮಾರಿಗೆ ಬಾಲಿಕೆಯರದೇ ಆದ ಗೀತನಾಟಕ ಮಂಡಲಿಯೊಂದನ್ನು ಸೇರಿ ರಂಗವನ್ನೇರಿದಳು. ೧೯೨೪ರಲ್ಲಿ ಶೋಚಿಕು ಚಲಚ್ಚಿತ್ರ ಸಂಸ್ಥೆಯನ್ನು ಸೇರುವಾಗ ಆಕೆಗೆ ಹದಿನೈದು ಕೂಡ ತುಂಬಿರಲಿಲ್ಲ.

ಮೂಕಚಿತ್ರಗಳಲ್ಲಿ ಹೆಸರು ಪಡೆದ ಆಕೆ, ೧೯೩೧ರಲ್ಲಿ ಗೋಶೋ ನಿರ್ದೇಶಿಸಿದ, ಜಪಾನಿನ ಮೊದಲ ಸಫಲ ವಾಕ್ಚಿತ್ರದಲ್ಲಿಯೂ ನಾಯಿಕೆಯಾದಳು. ೧೯೩೮ರ ‘ಐಝೆನ್ ಕತ್ಸುರಾ’ದಲ್ಲಿ ದಾದಿಯ ಪಾತ್ರವನ್ನು ವಹಿಸಿ ಮನೆಮನೆಯ ಮಾತಾದಳು.

ಮಹಾಯುದ್ಧದಲ್ಲಿ ಜಪಾನು ಸೋತು ಪರಾಧೀನವಾಗಿದ್ದ ಕಾಲದಲ್ಲಿ, ೧೯೪೯ರ ಕೊನೆಯಲ್ಲಿ, ಆಕೆ ಸೌಹಾರ್ದ ರಾಯಭಾರಿಣಿಯಾಗಿ ಅಮೆರಿಕಕ್ಕೆ ತೆರಳಿದಳು. ೧೯೫೦ರ ಜನವರಿಯಲ್ಲಿ ಪಾಶ್ಚಾತ್ಯ ಉಡುಪನ್ನು ತೊಟ್ಟು, ಕಪ್ಪು ಕನ್ನಡಕವನ್ನು ಧರಿಸಿ, ನೆರೆದ ಜನರತ್ತ ಕೈಮುತ್ತುಗಳನ್ನು ಬೀರುತ್ತ ಹಿಂದಿರುಗಿದುದೇ ಅಪರಾಧವಾಯಿತು. ಸೋತ ನಾಡಿನ ನೊಂದ ಅಭಿಮಾನವು ಒಬ್ಬ ಸ್ತ್ರೀಯ ಮೇಲೆ ತಿರುಗಿತು. ನಿನ್ನೆಯವರೆಗೆ ಕೊಂಡಾಡಿದ ಪತ್ರಿಕೆಗಳು ನಿರ್ದಯವಾಗಿ ಜರೆದುವು. ಆಕೆಯ ಕಾಲವು ಮುಗಿಯಿತೆಂದೇ ಹಲವರು ಬಗೆದರು.

ಆಕೆ ವಾದಕ್ಕಿಳಿಯಲಿಲ್ಲ, ಕೆಲಸದಿಂದ ಉತ್ತರವಿತ್ತಳು. ಮಿಝೋಗುಚಿ ನಿರ್ದೇಶಿಸಿದ ೧೯೫೨ರ ಚಿತ್ರದಲ್ಲಿ, ಅರಮನೆಯಿಂದ ಬೀದಿಗೆ ಬಿದ್ದ ಓಹಾರುವಿನ ಪಾತ್ರವನ್ನು ಆಕೆ ಅಭಿನಯಿಸಿದಳು. ಆ ಚಿತ್ರವೂ, ಮರುವರ್ಷದ ‘ಉಗೆತ್ಸು’ವೂ ವೆನಿಸ್ ನಗರದ ಉತ್ಸವದಲ್ಲಿ ಬಹುಮಾನಗಳನ್ನು ಗಳಿಸಿದುವು.

ಅಷ್ಟಕ್ಕೆ ತೃಪ್ತಳಾಗದೆ ತಾನೇ ನಿರ್ದೇಶಿಸಲು ಬಯಸಿದಳು. ಮೂರು ದಶಕಗಳ ಅನುಭವವಿದ್ದರೂ, ನಿರ್ದೇಶಕ ನರುಸೆಯ ಬಳಿ ಸಹಾಯಕಳಾಗಿ ದುಡಿದು ಆ ಕೆಲಸವನ್ನು ಮೊದಲಿನಿಂದ ಕಲಿತಳು. ಆಕೆಯ ನಟನೆಯಿಂದ ಕೀರ್ತಿ ಪಡೆದ ಮಿಝೋಗುಚಿಯೇ ನಿರ್ದೇಶಕರ ಸಂಘದ ಅಧ್ಯಕ್ಷನಾಗಿ ಇದನ್ನು ವಿರೋಧಿಸಿದನು. ಓಝು ಮಾತ್ರ ತಾನು ಸಹಲೇಖಕನಾಗಿದ್ದ ಚಿತ್ರಕಥೆಯೊಂದನ್ನೇ ಕೊಟ್ಟು ಬೆಂಬಲಿಸಿದನು. ೧೯೫೩ರ ‘ಕೊಯಿಬುಮಿ’ ಮೊದಲ್ಗೊಂಡು ೧೯೬೨ರವರೆಗೆ ಆಕೆ ಆರು ಚಿತ್ರಗಳನ್ನು ನಿರ್ದೇಶಿಸಿದಳು. ಅವುಗಳಲ್ಲಿ ಒಂದು, ಸ್ತನದ ಕ್ಯಾನ್ಸರಿಗೆ ತುತ್ತಾದ ಕವಯಿತ್ರಿಯ ಕಥೆ. ಮತ್ತೊಂದು, ವೇಶ್ಯಾವೃತ್ತಿಯಿಂದ ಬಿಡುಗಡೆ ಹೊಂದಲೆಳಸುವ ಸ್ತ್ರೀಯರ ಕಥೆ.

ಇಳಿವಯಸ್ಸಿನಲ್ಲಿ, ೧೯೭೪ರ ‘ಸಂದಾಕನ್’ ಚಿತ್ರದಲ್ಲಿ, ಎಳೆಯಳಾಗಿದ್ದಾಗ ಬೋರ್ನಿಯೋ ದ್ವೀಪಕ್ಕೆ ಮಾರಲ್ಪಟ್ಟಿದ್ದ ವೃದ್ಧೆಯ ಪಾತ್ರವನ್ನು ವಹಿಸಿ, ಮರುವರ್ಷ ಬರ್ಲಿನ್ ಉತ್ಸವದಲ್ಲಿ ಶ್ರೇಷ್ಠ ನಟಿಯೆಂಬ ಪ್ರಶಸ್ತಿಯನ್ನು ಪಡೆದಳು. ೧೯೭೭ರ ಮಾರ್ಚ್ ೨೧ರಂದು ಮಿದುಳಿನ ಗಡ್ಡೆಯಿಂದ ನಿಧನ ಹೊಂದಿದಳು.

೧೯೮೫ರಲ್ಲಿ, ಮೈನಿಚಿ ಪತ್ರಿಕೆಯ ಚಿತ್ರಸ್ಪರ್ಧೆಯಲ್ಲಿ ಆಕೆಯ ಹೆಸರಿನ ಪ್ರಶಸ್ತಿಯೊಂದು ಸ್ಥಾಪಿತವಾಯಿತು. ಪತ್ರಿಕಾಲೋಕವು ಹಳೆಯ ಋಣವನ್ನು ಇಷ್ಟಾದರೂ ತೀರಿಸಿತೆನ್ನಬಹುದು. ಆದರೆ ಒಂದು ದಿನದ ಉಡುಪನ್ನು ನೋಡಿ ಒಂದು ಬಾಳಿನ ದುಡಿಮೆಯನ್ನು ಅಳೆಯಬಾರದೆಂಬ ವಿವೇಕವು, ಲೇಖನಿಯನ್ನು ಹಿಡಿದವರಿಗೆ ಮೊದಲೇ ಇದ್ದರೆ, ಇಂತಹ ಋಣವೇ ಹುಟ್ಟುವುದಿಲ್ಲ.