ಹಕ್ಕಿಗಳ ಲೆಕ್ಕ ಬರೆದ ಸಲೀಂ ಅಲಿ

ಮಕ್ಕಳೇ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಇವುಗಳ ಮುಖ್ಯ ಆಹಾರ ಮೀನು. ಮೀನುಗಾರರಿಗೂ ಬೇಕಾದದ್ದು ಮೀನೇ. ಹಾಗಾದರೆ ಹಕ್ಕಿಗಳು ನಮ್ಮ ಶತ್ರುಗಳೇ? ಇಂಥ ಪ್ರಶ್ನೆಗೆ ಊಹೆಯಿಂದಲ್ಲ, ವೀಕ್ಷಣೆಯಿಂದ ಉತ್ತರ ಹುಡುಕುವುದನ್ನು ಕಲಿಸಿದವರು ಪಕ್ಷಿ ವಿಜ್ಞಾನಿ ಸಲೀಂ ಅಲಿ.

ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವರನ್ನು ಸೋದರಮಾವ ಸಾಕಿದರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿಂದ ಅವರ ಬದುಕಿನ ದಾರಿಯೇ ಬದಲಾಯಿತು.

ಬರ್ಲಿನ್‌ನಲ್ಲಿ ತರಬೇತಿ ಪಡೆದು ಬಂದ ಅವರು, ಯಾವ ಹಕ್ಕಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾವಾಗ ಮರಿ ಮಾಡುತ್ತದೆ ಎಂದು ದೇಶವೆಲ್ಲ ಸುತ್ತಿ ದಾಖಲಿಸಿದರು. ಅವರ ಸಲಹೆಯಂತೆ 1940ರಲ್ಲಿ ಕಾವೇರಿಯ ರಂಗನತಿಟ್ಟು ಪಕ್ಷಿಧಾಮವಾಯಿತು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. 1987ರಲ್ಲಿ ಅವರು ನಿಧನರಾದರು.

ಕೆರೆಗೆ ಬಿಟ್ಟ ಮೀನುಮರಿಗಳನ್ನು ಹಕ್ಕಿ ತಿಂದರೆ ಬಲೆಯನ್ನೇ ನಂಬಿದ ಕುಟುಂಬಕ್ಕೆ ನಷ್ಟ. ಇದು ನಿಜ. ಆದರೆ ಹಕ್ಕಿಯ ಹಿಕ್ಕೆ ನೀರಿಗೆ ಗೊಬ್ಬರ. ಅದರಿಂದ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸೂಕ್ಷ್ಮಜೀವಿಗಳು, ಅವನ್ನು ಮೀನುಮರಿಗಳು ತಿನ್ನುತ್ತವೆ. ಆದ್ದರಿಂದ ಹಕ್ಕಿ ತಿಂದದ್ದನ್ನೂ ಕೊಟ್ಟದ್ದನ್ನೂ ಎರಡೂ ಬರೆದರೆ ಮಾತ್ರ ಲೆಕ್ಕ ಸರಿಯಾಗುತ್ತದೆ.

ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಿಮ್ಮೂರ ಕೆರೆಗೆ ಯಾವ ಹಕ್ಕಿಗಳು ಬರುತ್ತವೆ? ಏನು ತಿನ್ನುತ್ತವೆ? ದೂರದಿಂದಲೇ ನೋಡಿ, ಬರೆದಿಡಿ.